ಚಿಕನ್ ಅಂಗಡಿಯ ತಿರುವು

ಆ ಚಳಿಗಾಲದಲ್ಲಿ ನನ್ನ ಪಾಲಿಗೆ ಬಂದ ಮನೆಗಳು ತಳೇಗಾಂವ ದಾಭಾಡೆಯ ಎಂಐಡಿಸಿ ಕಾರ್ಖಾನೆಗಳ ರಸ್ತೆಯಾಚೆ ಹೊಸದಾಗಿ ಎದ್ದ ಕಾಲನಿಗಳಲ್ಲಿದ್ದವು. ನಾನು ಒಂದು ಸಣ್ಣ ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವವಳು. ಹೆಚ್ಚಿನವರು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದ್ದರಿಂದ ಬೆಳಕು ಹರಿಯುವ ಹೊತ್ತಿಗೇ ಸೈಕಲ್ ಹತ್ತುತ್ತೇನೆ. ಸ್ಕೂಟಿ ನನಗೆ ಬರುವುದಿಲ್ಲ. ಹಿಂದಿನ ಕ್ಯಾರಿಯರ್‌ಗೆ ಸ್ಯಾಂಪಲ್ ಪೆಟ್ಟಿಗೆ ಬಿಗಿದಿರುತ್ತದೆ, ಹೆಗಲಿಗೆ ಸೂಜಿ, ಹತ್ತಿ, ಸ್ಪಿರಿಟ್ಟಿನ ಚೀಲ.

ಆ ದಾರಿಯಲ್ಲಿ ಒಂದು ತಿರುವಿದೆ. ಹೋಗುವಾಗ ಎಡಗಡೆಗೆ ತಗಡಿನ ಶೆಡ್ಡಿನಲ್ಲಿ ಚಿಕನ್ ಅಂಗಡಿ. ಅದರ ಹಿಂದೆ ಚೆಲ್ಲುವ ಕರುಳು, ರೆಕ್ಕೆಗಳಿಗೆ ನಾಯಿಗಳು ಬಂದು ಅಲ್ಲೇ ನೆಲೆಸಿದ್ದವು. ಬಲಗಡೆ ಒಂದು ಕಟ್ಟಡ ಏಳುತ್ತಿತ್ತು. ಟಿಪ್ಪರುಗಳಿಂದ ಉದುರಿದ ಉಸುಕು ಡಾಂಬರಿನ ಮೇಲೆ ತೆಳ್ಳಗೆ ಹರಡಿರುತ್ತಿತ್ತು. ಸೈಕಲ್ಲಿನವರಿಗೆ ಅದರ ಮೇಲೆ ಬ್ರೇಕ್ ಒತ್ತಲೂ ಆಗದು, ಹ್ಯಾಂಡಲ್ ತಿರುಗಿಸಲೂ ಆಗದು.

ತಿರುವು ದಾಟಿ ಕೊನೆಯ ಕಾಲನಿಯ ಎರಡನೇ ಮಹಡಿಯಲ್ಲಿ, ನಾನು ಕಾಕು ಎಂದು ಕರೆಯುವ ಒಬ್ಬ ವಯಸ್ಸಾದ ಹೆಂಗಸು ಇದ್ದರು. ವಿಜಯಪುರದ ಕಡೆಯವರು. ಮಗನದು ಸ್ಟೇಶನ್ ರಸ್ತೆಯಲ್ಲಿ ಬಟ್ಟೆ ವ್ಯಾಪಾರ, ಸೊಸೆ ಆಗಷ್ಟೇ ಹೆತ್ತವಳು. ಕಾಕುವಿನ ಹೃದಯಕ್ಕೆ ಲೋಹದ ಕವಾಟ ಕೂರಿಸಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಗುಳಿಗೆ ನುಂಗಬೇಕು. ಗುಳಿಗೆ ಕಡಿಮೆ ಬಿದ್ದರೆ ಕವಾಟಕ್ಕೆ ರಕ್ತ ಕಟ್ಟುತ್ತದೆ, ಹೆಚ್ಚಾದರೆ ಮೈಯೊಳಗೆ ಎಲ್ಲಿಯಾದರೂ ಸೋರತೊಡಗುತ್ತದೆ. ನಡುವೆ ಜ್ವರ ಬಂದು ಬೇರೆ ಔಷಧಿ ಸೇರಿದ್ದರಿಂದ ಅವರ ಪ್ರಮಾಣ ಏರುಪೇರಾಗಿತ್ತು. ವಾರವಾರವೂ ರಕ್ತ ನೋಡಿಯೇ ಗುಳಿಗೆ ಹೇಳುತ್ತೇನೆ ಎಂದಿದ್ದರು ಡಾಕ್ಟರು. ಮೆಟ್ಟಿಲು ಇಳಿದು ಹತ್ತಿದರೆ ಕಾಕುವಿಗೆ ದಮ್ಮು ಏರುತ್ತಿತ್ತು. ಆ ಕಟ್ಟಡದ ಲಿಫ್ಟ್ ಇನ್ನೂ ಶುರುವಾಗಿರಲಿಲ್ಲ.

ಈ ಪರೀಕ್ಷೆಗೆ ನೀಲಿ ಮುಚ್ಚಳದ ಕೊಳವೆ ಬೇಕು. ಗೆರೆಯವರೆಗೆ ಸರಿಯಾಗಿ ತುಂಬಿ, ಮೆಲ್ಲಗೆ ಮೇಲೆ ಕೆಳಗೆ ಮಾಡಿ ಒಳಗಿನ ದ್ರವದೊಂದಿಗೆ ಬೆರೆಸಬೇಕು. ಐಸಿನಲ್ಲಿ ಇಡಬಾರದು. ಬೇಗ ಲ್ಯಾಬಿಗೆ ಮುಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕುಲುಕಬಾರದು. ಕುಲುಕಿದರೆ ರಕ್ತದ ಕಣಗಳು ಒಡೆದು ಪರೀಕ್ಷೆ ಕೆಡುತ್ತದೆ. ಅಂದರೆ ಹೊತ್ತು ಮೀರದ ಹಾಗೆ, ಆದರೂ ಅವಸರವಿಲ್ಲದೆ ಸೈಕಲ್ ಹೊಡೆಯಬೇಕು.

ನಾಯಿಗಳು ಮೊದಲ ಸಲ ಬೆನ್ನಟ್ಟಿದಾಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಪೆಡಲ್ ಜೋರಾಗಿ ತುಳಿದೆ. ಕಂದು ಬಣ್ಣದ, ಒಂದು ಕಿವಿ ಹರಿದ ನಾಯಿ ಶೆಡ್ಡಿನ ಹಿಂದಿನಿಂದ ಬಾಣದಂತೆ ಬಂತು. ಅದರ ಹಿಂದೆ ಉಳಿದವು. ಡಾಂಬರಿನ ಮೇಲೆ ಉಗುರು ಕೆರೆಯುವ ಸದ್ದು ನನ್ನ ಹಿಮ್ಮಡಿಯ ಹತ್ತಿರವೇ ಕೇಳಿದಾಗ ಎರಡೂ ಕಾಲೆತ್ತಿ ಮಡಚಿಕೊಂಡೆ. ಸೈಕಲ್ ಬಲಕ್ಕೆ ಹೊರಳಿ ರಸ್ತೆಯ ನಡುವೆ ಹೋಗಿ ಬಿತ್ತು. ಬೆನ್ನ ಹಿಂದೆ ಬ್ರೇಕಿನ ಸದ್ದು ಎಷ್ಟು ಉದ್ದಕ್ಕೆ ಕೇಳಿತೆಂದರೆ, ಅದು ಮುಗಿಯುವ ಮೊದಲು ನಾನೇ ಮುಗಿದುಹೋಗುತ್ತೇನೆ ಅನಿಸಿತು. ಕಣ್ಣು ತೆರೆದರೆ ನೀರಿನ ಟ್ಯಾಂಕರಿನ ಬಂಪರ್ ಕೈಗೆ ಸಿಗುವಷ್ಟು ಹತ್ತಿರ ಇತ್ತು.

ಚಾಲಕ ಕೆಳಗಿಳಿದ. ಬೈಯುತ್ತಾನೆ ಅಂದುಕೊಂಡೆ. ಆದರೆ ಅವನು ನನ್ನ ಸೈಕಲ್ ಎತ್ತಿ ನಿಲ್ಲಿಸಿದ. "ನಾಯಿ ಕಚ್ಚಿದರೆ ಸೂಜಿ ಇದೆ," ಎಂದು ಹಿಂದಿಯಲ್ಲಿ ಹೇಳಿ, ಟ್ಯಾಂಕರಿನ ಗಾಲಿಯ ಕಡೆ ಕೈ ತೋರಿಸಿ, "ಇದಕ್ಕೆ ಇಲ್ಲ," ಎಂದ.

ಹಿಮ್ಮಡಿಯ ಮೇಲೆ ಹಲ್ಲು ತಾಗಿದ ಗೀರು ಇತ್ತು, ಸಣ್ಣಗೆ ರಕ್ತ. ಹತ್ತಿರದ ಮನೆಯ ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಚ್ಚಿ ಬಹಳ ಹೊತ್ತು ತೊಳೆದೆ. ಪೆಟ್ಟಿಗೆಯಲ್ಲಿದ್ದ ಸ್ಯಾಂಪಲ್ಲುಗಳು ಒಡೆದಿದ್ದವು. ಆ ಮನೆಗಳವರಿಗೆ ಫೋನ್ ಮಾಡಿ, ಮತ್ತೆ ಹೋಗಿ, ಇನ್ನೊಮ್ಮೆ ಚುಚ್ಚಿದೆ. ಆಮೇಲೆ ಸರಕಾರಿ ದವಾಖಾನೆ. ತೋಳಿಗೆ ಲಸಿಕೆ, ಗಾಯದ ಸುತ್ತ ರೇಬೀಸ್ ತಡೆಯುವ ಸೀರಂ. ದಿನಬೆಳಗಾದರೆ ಊರವರಿಗೆಲ್ಲ ಚುಚ್ಚುವ ನಾನು ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದ್ದೆ.

ಗೀರು ಬೇಗ ಮಾಯಿತು. ಹೆದರಿಕೆ ಮಾಯಲಿಲ್ಲ. ಪ್ಲಾಸ್ಟಿಕ್ ಚೀಲ ಗಾಳಿಗೆ ಸರ್ರೆಂದು ಹಾರಿದರೂ ಕಾಲು ತಾನಾಗಿಯೇ ಮೇಲೇಳುತ್ತಿತ್ತು. ಸಂಜೆ ಅಡಿಗೆ ಮಾಡುವಾಗ ಮರುದಿನದ ತಿರುವು ನೆನಪಾಗಿ ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು. ಚಾಕಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಗಂಡ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು:

"ಬಿಟ್ಟಬಿಡು ಆ ಏರಿಯಾ. ಬ್ಯಾರೆದವ್ರಿಗಿ ಕೊಡ್ರಿ ಅಂತ ಲ್ಯಾಬಿನ ಮೇಡಂಗ ಹೇಳು."

"ಬ್ಯಾರೆದವ್ರು ಯಾರಿದ್ದಾರ್ರಿ? ಇದ್ದೊಬ್ಬ ಹುಡುಗಿ ಊರಿಗಿ ಹೋಗ್ಯಾಳ."

"ಹಂಗಾದ್ರ ನಿನ್ನ ಜೀವಕ್ಕ ಹೊಣಿ ಯಾರು?"

ನಾನು ರೊಟ್ಟಿ ಮುರಿಯುತ್ತ ಕೂತೆ.

ಕಂಡಕಂಡವರು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಒಂದು ಕೋಲು ಇಟ್ಟುಕೊಂಡೆ. ಎತ್ತಿದ ಕೋಲು ಕಂಡದ್ದೇ ತಡ, ಮಲಗಿದ್ದ ನಾಯಿಗಳೂ ಎದ್ದು ಬಂದವು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಉಸುಕಿನ ಮೇಲೆ ಹೋಗುವುದೆಂದರೆ ಬೀಳುವುದಕ್ಕೇ ಹೋದಂತೆ. ಬಿಸ್ಕೀಟು ಎಸೆದು ನೋಡಿದೆ. ಎರಡು ದಿನ ಸುಮ್ಮನಿದ್ದವು. ಮೂರನೆಯ ದಿನ ಸೈಕಲ್ ಕಂಡ ಕೂಡಲೇ ಬಿಸ್ಕೀಟಿಗಾಗಿ ಓಡಿಬಂದವು. ಆಸೆಯಿಂದ ಓಡಿಬರುವ ನಾಯಿಗೂ ಸಿಟ್ಟಿನಿಂದ ಓಡಿಬರುವ ನಾಯಿಗೂ ವ್ಯತ್ಯಾಸ ನೋಡುವಷ್ಟು ಧೈರ್ಯ ನನ್ನಲ್ಲಿರಲಿಲ್ಲ.

ಕೊನೆಗೆ ದಾರಿಯನ್ನೇ ಬದಲಿಸಿದೆ. ಹಳೇ ಮುಂಬೈ ಹೆದ್ದಾರಿ ಹಿಡಿದು ಸುತ್ತು ಹಾಕಿ ಹೋಗತೊಡಗಿದೆ. ಅಲ್ಲಿ ನಾಯಿಗಳಿರಲಿಲ್ಲ, ಆದರೆ ಕಂಟೇನರ್ ಲಾರಿಗಳಿದ್ದವು. ಅವು ಪಕ್ಕದಲ್ಲಿ ಹಾಯುವಾಗ ಮೊದಲು ಗಾಳಿ ಹೊರಕ್ಕೆ ನೂಕುತ್ತದೆ, ಹಿಂದೆಯೇ ಒಳಕ್ಕೆ ಎಳೆಯುತ್ತದೆ. ನೂಕಿದ್ದಕ್ಕೆ ಹ್ಯಾಂಡಲ್ ಒಂದು ಕಡೆ ಒತ್ತಿ ಹಿಡಿದಿದ್ದರೆ, ಎಳೆಯುವಾಗ ಅದೇ ಒತ್ತಡ ನಮ್ಮನ್ನು ಗಾಲಿಯ ಕಡೆಗೆ ಒಯ್ಯುತ್ತದೆ. ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕುಗಳು. ನಿಂತ ಕಾರುಗಳಲ್ಲಿ ಯಾರು ಯಾವಾಗ ಬಾಗಿಲು ತೆರೆಯುತ್ತಾರೋ ತಿಳಿಯದು. ಒಂದು ಮುಂಜಾನೆ ಕಂಟೇನರಿನ ಗಾಳಿಗೆ ಮುಂದಿನ ಗಾಲಿ ಡಾಂಬರಿನ ಅಂಚಿನಿಂದ ಕೆಳಗಿಳಿಯಿತು. ಮೇಲಕ್ಕೆ ಎಳೆದುಕೊಳ್ಳಲು ಹೋಗಿದ್ದರೆ ಅಂಚಿಗೆ ಸಿಕ್ಕಿ ರಸ್ತೆಗೇ ಬೀಳುತ್ತಿದ್ದೆ. ಹೇಗೋ ಹಾಗೆಯೇ ಮಣ್ಣಿಗೆ ಇಳಿಸಿ ನಿಲ್ಲಿಸಿದೆ.

ಅಲ್ಲಿ ಒಂದು ಗೂಡಂಗಡಿಯ ಪಕ್ಕ ಸೈಕಲ್ಲಿಗೆ ಒರಗಿ ನಿಂತು ಯೋಚಿಸಿದೆ. ಇಲ್ಲಿಯ ಅಪಾಯ ಹಿಂದಿನಿಂದ ಬರುತ್ತದೆ. ಎಲ್ಲಿ, ಯಾವಾಗ ಎಂದು ಗೊತ್ತಾಗುವುದಿಲ್ಲ, ಬಂದ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ. ನಾಯಿಗಳು ಇರುವ ಜಾಗ ನನಗೆ ಗೊತ್ತು. ಅವು ಕಣ್ಣಿಗೆ ಕಾಣುತ್ತವೆ. ಆವತ್ತು ನನ್ನನ್ನು ಟ್ಯಾಂಕರಿನ ಮುಂದೆ ಹಾಕಿದ್ದು ನನ್ನ ಓಟ. ಓಡದೇ ಇದ್ದರೆ ಏನಾಗುತ್ತದೆಂದು ನಾನು ಒಮ್ಮೆಯೂ ನೋಡಿರಲಿಲ್ಲ. ಮರುದಿನದಿಂದ ತಿರುವಿನ ದಾರಿಯಲ್ಲೇ ಹೋಗುವುದು, ತಿರುವಿಗೆ ಮೊದಲೇ ಇಳಿದು ನಡೆಯುವುದು ಎಂದು ನಿರ್ಧರಿಸಿದೆ.

ಇಳಿಯುವುದರಲ್ಲೂ ಒಂದು ತೊಡಕಿತ್ತು. ಎಲ್ಲರಂತೆ ನಾನೂ ಸೈಕಲ್ಲಿನಿಂದ ಎಡಕ್ಕೆ ಇಳಿಯುವವಳು. ಹೋಗುವಾಗ ನಾಯಿಗಳು ಎಡಗಡೆಗೇ ಇರುತ್ತವೆ. ನನಗೂ ಅವಕ್ಕೂ ನಡುವೆ ಸೈಕಲ್ ಇರಬೇಕೆಂದರೆ ಬಲಕ್ಕೆ ಇಳಿಯಬೇಕು. ಬಲಕ್ಕೆ ಇಳಿದರೆ ನಾನು ವಾಹನಗಳ ಕಡೆ ಇರುತ್ತೇನೆ. ಹಾಗಾಗಿ ತಿರುವಿಗೆ ಸಾಕಷ್ಟು ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಿ, ಕೈ ತೋರಿಸಿ, ಅಂಚಿಗೆ ಸರಿದು, ನಿಂತು, ಆಮೇಲೆ ಇಳಿಯಬೇಕು. ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಸಂಜೆ ಇದನ್ನು ಅಭ್ಯಾಸ ಮಾಡಿದೆ. ಕಾಲು ಒಪ್ಪುತ್ತಿರಲಿಲ್ಲ. ಚೂಡಿದಾರದ ಅಂಚು ಸೀಟಿಗೆ ಸಿಕ್ಕಿ ಎರಡು ಸಲ ಬಿದ್ದೆ. ಮೇಲಿನ ಮಹಡಿಯ ಅಜ್ಜಿ ಬಾಲ್ಕನಿಯಿಂದ ನೋಡಿ, ಈ ವಯಸ್ಸಿನಲ್ಲಿ ಸೈಕಲ್ ಕಲಿಯುತ್ತಿದ್ದೀಯಾ ಎಂದು ಮರಾಠಿಯಲ್ಲಿ ಕೇಳಿದರು. ಹೌದು ಎಂದೆ.

ಮೊದಲ ದಿನ ಇಳಿದು ನಡೆದಾಗ ನಾಯಿಗಳು ಬಂದವು. ಕಿವಿ ಹರಿದದ್ದು ಎಲ್ಲಕ್ಕಿಂತ ಮುಂದೆ, ತುಟಿ ಮೇಲೆತ್ತಿ. ನಾನು ನಿಂತೆ. ಅದರ ಕಣ್ಣನ್ನು ನೋಡದೆ ಅದರ ಮುಂಗಾಲನ್ನು ನೋಡಿದೆ. ಬೆನ್ನು ತೋರಿಸಲಿಲ್ಲ. ಬಾಯಲ್ಲಿ ಏನಾದರೂ ಅನ್ನಬೇಕಲ್ಲ ಎಂದು, ಸೂಜಿಗೆ ಹೆದರುವ ಮಕ್ಕಳಿಗೆ ಹೇಳುವ ಮಾತು ಬಂತು: "ಆಯ್ತು, ಆಯ್ತು, ಮುಗೀತು." ನಾಯಿ ಸೈಕಲ್ಲಿನ ಗಾಲಿ ಮೂಸಿತು, ಪೆಟ್ಟಿಗೆ ಮೂಸಿತು, ಇನ್ನೂ ಎರಡು ಸಲ ಬೊಗಳಿ ನಿಂತಿತು. ಒಂದು ಹೆಜ್ಜೆ ಹಾಕಿದೆ. ಅದು ಬರಲಿಲ್ಲ. ಇನ್ನೊಂದು ಹಾಕಿದೆ. ತಿರುವು ದಾಟಿದ ಮೇಲೂ ಸೈಕಲ್ ಹತ್ತಲಿಲ್ಲ. ಕಾಕುವಿನ ಮನೆಯವರೆಗೂ ನಡೆದೇ ಹೋದೆ.

ಕೆಲವು ವಾರ ಹೀಗೇ ಸಾಗಿತು. ಹೆದರಿಕೆ ಮೊದಲಿನಷ್ಟೇ ಇತ್ತು. ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿತ್ತು.

ಆ ದಿನ ಮಂಜು ಬಿದ್ದಿತ್ತು. ತಳೇಗಾಂವದಲ್ಲಿ ಚಳಿಗಾಲದ ಮಂಜು ಕೆಲವು ಸಲ ನಾಲ್ಕು ಮಾರು ದೂರದ ಕಂಬವನ್ನೂ ನುಂಗಿಬಿಡುತ್ತದೆ. ಹೋಗುವಾಗ ನಾಯಿಗಳ ಸುಳಿವಿರಲಿಲ್ಲ. ಕಾಕು ಬಾಗಿಲು ತೆರೆದಾಗಲೇ ಅವರ ಮುಖ ಸರಿಯಿರಲಿಲ್ಲ.

"ಬಾ ತಂಗಿ. ಇವತ್ತ ಹಲ್ಲು ತಿಕ್ಕೋಬೇಕಾದ್ರ ರಕ್ತ ಬಂತು ನೋಡು," ಎಂದರು.

"ಭಾಳ ಬಂತೇನ್ರಿ ಕಾಕು?"

"ಉಗುಳಿದಷ್ಟೂ ಬಂತು. ಮಗಗ ಹೇಳಿಲ್ಲ, ಮುಂಜಾನೆದ್ದು ಅಂಜತಾನ."

ತೊಡೆಯ ಮೇಲೆ ಅಂಗೈಯಗಲದ ನೀಲಿ ಕಲೆ ತೋರಿಸಿದರು. ಎಲ್ಲಿಯೂ ತಾಗಿಸಿಕೊಂಡ ನೆನಪಿಲ್ಲವಂತೆ. ನಾನು ಆಗಲೇ ಮಗನನ್ನು ಎಬ್ಬಿಸಿ ವಿಷಯ ಹೇಳಿದೆ. ವರದಿ ಬರುವ ತನಕ ಇವತ್ತಿನ ಗುಳಿಗೆ ಕೊಡುವ ಮೊದಲು ಡಾಕ್ಟರನ್ನು ಕೇಳಿ, ರಕ್ತ ಹೆಚ್ಚಾದರೆ ದವಾಖಾನೆಗೆ ಕರೆದೊಯ್ಯಿರಿ ಎಂದೆ. ರಕ್ತ ತೆಗೆದು ಚುಚ್ಚಿದ ಜಾಗವನ್ನು ಒತ್ತಿ ಹಿಡಿದೆ. ಎಂದಿಗಿಂತ ಬಹಳ ಹೊತ್ತು ಹತ್ತಿ ಕೆಂಪಾಗುತ್ತಲೇ ಇತ್ತು. ಆ ಕೊಳವೆ ಲ್ಯಾಬಿಗೆ ಬೇಗ ಮುಟ್ಟಬೇಕಿತ್ತು.

ವಾಪಸು ಬರುವಾಗ ಅಂಗಡಿ ಬಲಗಡೆಗೆ, ರಸ್ತೆಯ ಆಚೆ. ತಿರುವಿಗೆ ಮೊದಲು ಎಡಕ್ಕೆ ಇಳಿದು, ಸೈಕಲ್ಲನ್ನು ಬಲಕ್ಕೆ ಇಟ್ಟುಕೊಂಡು ನಡೆಯತೊಡಗಿದೆ. ಮಂಜಿನೊಳಗೆ ಗುರ್ ಎನ್ನುವ ಸದ್ದು ಮೊದಲು ಕೇಳಿತು, ಆಮೇಲೆ ಅವುಗಳ ಕಾಲು ಕಂಡವು. ನಿಂತೆ.

ಅದೇ ಹೊತ್ತಿಗೆ ಹಿಂದಿನಿಂದ ಸ್ಕೂಟಿಯೊಂದು ನನ್ನನ್ನು ದಾಟಿ ಹೋಯಿತು. ಒಬ್ಬ ಹೆಣ್ಣುಮಗಳು, ಕಾರ್ಖಾನೆಯ ನೀಲಿ ಏಪ್ರನ್ ತೊಟ್ಟವಳು. ನಾಯಿಗಳು ನನ್ನನ್ನು ಬಿಟ್ಟು ಅವಳ ಹಿಂದೆ ಬಿದ್ದವು. ಅವಳು ವೇಗ ಹೆಚ್ಚಿಸಿದಳು, ತಲೆ ತಗ್ಗಿಸಿ ಕಾಲಿನ ಕಡೆ ನೋಡಿದಳು. ಸ್ಕೂಟಿ ಉಸುಕಿನ ಮೇಲೆ ಜಾರಿತು. ಬಿದ್ದ ಸದ್ದು, ಆಮೇಲೆ ಅವಳ ಕೂಗು, ಅದರ ಮೇಲೆ ಎಲ್ಲ ನಾಯಿಗಳ ಬೊಗಳಾಟ.

ಹತ್ತಿರ ಹೋಗಬೇಕಿತ್ತು. ನನ್ನ ಕಾಲುಗಳು ನಿಂತಲ್ಲೇ ನಿಂತಿದ್ದವು. ಪೆಟ್ಟಿಗೆಯಲ್ಲಿ ಕಾಕುವಿನ ರಕ್ತವಿದೆ, ಬಿದ್ದರೆ ಒಡೆಯುತ್ತದೆ ಎಂಬ ಯೋಚನೆ ಬಂತು. ಆ ಯೋಚನೆಯಲ್ಲಿ ಅರ್ಧ ನಿಜ, ಅರ್ಧ ಹೆದರಿಕೆ ಇತ್ತು. ಅಷ್ಟರಲ್ಲಿ ಎಂಐಡಿಸಿ ಕಡೆಯಿಂದ ಭಾರದ ಗಾಡಿಯೊಂದು ಏರುದಾರಿಯಲ್ಲಿ ಗೇರ್ ಬದಲಿಸುವ ಸದ್ದು ಕೇಳಿಸಿತು. ಅವಳು ರಸ್ತೆಯ ನಡುವೆ ಬಿದ್ದಿದ್ದಳು. ಮಂಜಿನಲ್ಲಿ ಆ ಚಾಲಕನಿಗೆ ಅವಳು ಕಾಣುವುದು ಗಾಲಿಯ ಕೆಳಗೇ.

ಸೈಕಲ್ಲನ್ನು ನಾಯಿಗಳ ಕಡೆಗೆ ಅಡ್ಡ ಹಿಡಿದು ನಡೆದೆ. ಅವಳು ಕಾಲು ಝಾಡಿಸುತ್ತಿದ್ದಳು, ಝಾಡಿಸಿದಷ್ಟೂ ಅವು ಮುನ್ನುಗ್ಗುತ್ತಿದ್ದವು. ಒಂದು ಅವಳ ಕೊರಳಿನ ಓಢಣಿ ಹಿಡಿದಿತ್ತು. "ಹಲೂ ನಕಾ," ಎಂದೆ ಮರಾಠಿಯಲ್ಲಿ, ಅಲುಗಾಡಬೇಡ ಎಂದು. ಅವಳು ನನ್ನ ಮುಖ ನೋಡಿ ಕಾಲು ನಿಲ್ಲಿಸಿದಳು. ನಾಯಿಗಳು ಓಢಣಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಬೊಗಳುತ್ತ ನಿಂತವು.

ಗಾಡಿಯ ಸದ್ದು ಹತ್ತಿರವಾಯಿತು. ಅವಳ ಕಾಲಿನ ಮೇಲೆ ಸ್ಕೂಟಿ ಬಿದ್ದಿತ್ತು, ಒಬ್ಬಳೇ ಎತ್ತಲು ಆಗಲಿಲ್ಲ. ಗಾಡಿಯನ್ನು ನಿಲ್ಲಿಸಬೇಕೆಂದರೆ ತಿರುವಿನ ಆಚೆ ಹೋಗಿ ಬೆಳಕು ತೋರಿಸಬೇಕು. ನರ ಹುಡುಕಲು ಇಟ್ಟುಕೊಂಡ ಟಾರ್ಚು ಚೀಲದಲ್ಲಿತ್ತು. ಆದರೆ ಸೈಕಲ್ ತೆಗೆದುಕೊಂಡು ಹೋದರೆ ಅವಳ ಮುಂದೆ ಏನೂ ಇರುವುದಿಲ್ಲ.

ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವಳಿಗೂ ನಾಯಿಗಳಿಗೂ ನಡುವೆ ನಿಲ್ಲಿಸಿದೆ. "ಘಾಬರೂ ನಕಾ, ಬಂದೆ," ಎಂದು ಎರಡೂ ಭಾಷೆ ಸೇರಿಸಿ ಹೇಳಿ, ಬರಿಗೈಯಲ್ಲಿ ಹೊರಟೆ.

ಅಷ್ಟು ದೂರ ನಾನು ಹೇಗೆ ನಡೆದೆನೋ ಈಗಲೂ ಸರಿಯಾಗಿ ಹೇಳಲಾರೆ. ಕಿವಿ ಹರಿದ ನಾಯಿ ನನ್ನ ಹಿಂದೆಯೇ ಬಂತು. ಅದರ ಬಿಸಿ ಉಸಿರು ಸಲ್ವಾರದ ಮೂಲಕ ಮೀನಖಂಡಕ್ಕೆ ತಾಗುತ್ತಿತ್ತು. ಓಡು ಎಂದು ಮೈಯೆಲ್ಲ ಕೂಗುತ್ತಿತ್ತು. ಓಡಿದರೆ ಅದು ಹಿಡಿಯುತ್ತದೆ, ನಾನು ಬೀಳುತ್ತೇನೆ, ಗಾಡಿ ಇಬ್ಬರ ಮೇಲೂ ಬರುತ್ತದೆ. ಒಂದೊಂದೇ ಹೆಜ್ಜೆ ಹಾಕುತ್ತ, ಟಾರ್ಚನ್ನು ನೆಲದಿಂದ ತಲೆಯವರೆಗೆ ಬೀಸುತ್ತ ನಡೆದೆ. ಮಂಜಿನಲ್ಲಿ ಎರಡು ಹಳದಿ ದೀಪಗಳು ಮೂಡಿದವು, ದೊಡ್ಡದಾದವು. ನಾನು ರಸ್ತೆಯ ಅಂಚಿಗೆ ಸರಿದು ಬೀಸುತ್ತಲೇ ಇದ್ದೆ. ಬ್ರೇಕು ಉಸ್ಸೆಂದಿತು. ಲಾರಿ ನನ್ನಿಂದ ತುಸು ಮುಂದೆ ಬಂದು ನಿಂತಿತು. ಅದರ ದೀಪಕ್ಕೂ ಹಾರ್ನಿಗೂ ನಾಯಿಗಳು ಶೆಡ್ಡಿನ ಹಿಂದೆ ಸರಿದವು.

ಚಾಲಕ, ಕ್ಲೀನರ್ ಇಬ್ಬರೂ ಇಳಿದು ಸ್ಕೂಟಿ ಎತ್ತಿದರು. ಅವಳ ಹೆಗಲಿನ ಹತ್ತಿರ ಮುರಿದ ಮೂಳೆ ಚರ್ಮವನ್ನು ಎತ್ತಿ ಹಿಡಿದಿತ್ತು. ಎತ್ತಿ ಕೂರಿಸಲು ಹೋದವರನ್ನು ತಡೆದು, ಕುತ್ತಿಗೆ, ಬೆನ್ನು, ಕಾಲ್ಬೆರಳು ಒಂದೊಂದಾಗಿ ಕೇಳಿ ನೋಡಿ, ಅವಳದೇ ಓಢಣಿಯಿಂದ ಕೈಯನ್ನು ಎದೆಗೆ ಕಟ್ಟಿದೆ. ಕಾಲಿನ ಮೇಲೆ ಹಲ್ಲಿನ ಗುರುತಿತ್ತು. ನೀರಿನ ಬಾಟಲಿ ಪೂರ್ತಿ ಸುರಿದು ತೊಳೆದೆ. ದವಾಖಾನೆಯಲ್ಲಿ ನಾಯಿ ಕಚ್ಚಿದ್ದನ್ನು ಮರೆಯದೆ ಹೇಳಬೇಕೆಂದು ಅವಳಿಗೂ ಚಾಲಕನಿಗೂ ಎರಡೆರಡು ಸಲ ಹೇಳಿದೆ. ಲಾರಿಯಲ್ಲೇ ಅವಳನ್ನು ಕರೆದೊಯ್ದರು.

ಪೆಟ್ಟಿಗೆ ತೆರೆದೆ. ನೀಲಿ ಮುಚ್ಚಳದ ಕೊಳವೆ ನಿಂತ ಹಾಗೇ ನಿಂತಿತ್ತು, ನೊರೆಯಿರಲಿಲ್ಲ.

ಲ್ಯಾಬಿನಲ್ಲಿ ಮೇಡಂ ಅದನ್ನು ಯಂತ್ರಕ್ಕೆ ಹಾಕಿ ತಿರುಗಿಸಿದರು. ಮೇಲೆ ನಿಂತ ದ್ರವ ತಿಳಿ ಹಳದಿಯಾಗಿತ್ತು, ಕೆಂಪು ಬೆರೆತಿರಲಿಲ್ಲ. ಪರೀಕ್ಷೆ ಮುಗಿಸಿದವರೇ ಎರಡನೇ ಸಲ ಮಾಡಿ ನೋಡಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ರಕ್ತ ಇರಬೇಕಾದ್ದಕ್ಕಿಂತ ಬಹಳ ತೆಳುವಾಗಿತ್ತು. ಕಾಕುವನ್ನು ಆ ಮಧ್ಯಾಹ್ನವೇ ದವಾಖಾನೆಗೆ ಸೇರಿಸಿದರು. ಮಗ, ಅವನ ಬಟ್ಟೆ ಅಂಗಡಿಯ ಇಬ್ಬರು ಕೆಲಸದವರು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರಂತೆ. ಗುಳಿಗೆ ನಿಲ್ಲಿಸಿ, ಔಷಧಿ ಕೊಟ್ಟು, ಕೆಲವು ದಿನ ನೋಡಿ ಮನೆಗೆ ಕಳಿಸಿದರು.

ಫೋನಿನ ಮಾತು ಮುಗಿಯುವವರೆಗೆ ನಾನು ಗಟ್ಟಿಯಾಗಿಯೇ ನಿಂತಿದ್ದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನೆಲಕ್ಕೆ ಕೂತೆ. ಮೇಡಂ ಹೊರಗಿನಿಂದ ಎರಡು ಸಲ ಕರೆದರು. ಬಂದೆ ಎಂದೆ, ಏಳಲು ಆಗಲಿಲ್ಲ.

ಕೆಲವು ವಾರಗಳ ಮೇಲೆ ಏಪ್ರನ್ನಿನ ಹೆಣ್ಣುಮಗಳು ಲ್ಯಾಬು ಹುಡುಕಿಕೊಂಡು ಬಂದಳು. ಕೈ ಇನ್ನೂ ಪಟ್ಟಿಯಲ್ಲಿತ್ತು. ಲಸಿಕೆಗಳೆಲ್ಲ ಮುಗಿದಿದ್ದವು. ಸ್ಕೂಟಿ ಮಾರಿಬಿಡಲು ಹೇಳಿದ್ದಾಳಂತೆ. ಚಹಾ ಕುಡಿದಳು, ಎದ್ದಳು, ಮತ್ತೆ ಕೂತಳು.

"ಸೋಮವಾರದಿಂದ ಡ್ಯೂಟಿ," ಎಂದಳು ಮರಾಠಿಯಲ್ಲಿ. "ಕಂಪನಿ ಬಸ್ಸು ಆ ತಿರುವಿನ ಆಚೆ ನಿಲ್ಲುತ್ತದೆ. ನಿನ್ನೆ ಹೋಗಿ ನೋಡಿದೆ, ಅಂಗಡಿ ಕಂಡ ಕೂಡಲೇ ವಾಪಸು ಬಂದೆ. ನೀವು ಆ ಕಡೆ ಹೋಗುತ್ತೀರಲ್ಲ. ಒಂದು ನಾಲ್ಕು ದಿನ ನಿಮ್ಮ ಜೊತೆ ಬರಲೇ?"

"ನಂಗೂ ಹೆದರಿಕೆ ಆಗುತ್ತೆ," ಎಂದೆ.

"ಗೊತ್ತು. ಆವತ್ತು ನಿಮ್ಮ ಮುಖ ನೋಡಿದ್ದೆ."

ಸೋಮವಾರ ಅವಳು ಹೇಳಿದ ಜಾಗದಲ್ಲಿ ಕಾಯುತ್ತಿದ್ದಳು. ಹಿಂದೆ ನೋಡಿ, ಕೈ ತೋರಿಸಿ, ಬಲಕ್ಕೆ ಇಳಿದೆ. ಅವಳನ್ನು ಸೈಕಲ್ಲಿನ ಈಚೆ, ನನ್ನ ಹಿಂದೆಯೇ ಬರುವಂತೆ ಹೇಳಿದೆ. ಅವಳು ಸರಿಯಿದ್ದ ಕೈಯನ್ನು ಪೆಟ್ಟಿಗೆಯ ಮೇಲಿಟ್ಟಳು. ಶೆಡ್ಡಿನ ನೆರಳಿನಲ್ಲಿ ಒಂದು ನಾಯಿ ತಲೆಯೆತ್ತಿತು, ಆಮೇಲೆ ಎದ್ದು ನಿಂತಿತು.

"ಈಗ ಏನು ಮಾಡೋದು?" ಎಂದಳು ಪಿಸುದನಿಯಲ್ಲಿ.

"ನಿಲ್ಲೋದು."

ನಿಂತೆವು. ಪೆಟ್ಟಿಗೆಯೊಳಗೆ ಖಾಲಿ ಕೊಳವೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ನಡುಗುತ್ತಿದ್ದದ್ದು ಅವಳ ಕೈಯೋ, ಹ್ಯಾಂಡಲ್ ಹಿಡಿದ ನನ್ನ ಕೈಯೋ ತಿಳಿಯಲಿಲ್ಲ. ನಾಯಿ ನಮ್ಮನ್ನು ಬಹಳ ಹೊತ್ತು ನೋಡಿತು. ಆಮೇಲೆ ಮೈ ಕೊಡವಿ ಅಲ್ಲೇ ಕೂತಿತು. ನಾವು ನಡೆಯತೊಡಗಿದೆವು.